ಮಾಳಿಗೆಯ ಮಣ್ಣು ಇಳಿಸಿದ ದಾಕ್ಷಾಯಣಮ್ಮ

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯಲ್ಲಿ, ಬೋಳು ಬೆಟ್ಟವೊಂದರ ಬುಡಕ್ಕೆ ಅಂಟಿಕೊಂಡ ಊರು ಬಂಡೆಕೋಟೆ. ದಾಕ್ಷಾಯಣಮ್ಮ ಶಿರಾದಿಂದ ಆ ಊರಿಗೆ ಸೊಸೆಯಾಗಿ ಬಂದದ್ದು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ. ಗಂಡನ ಮನೆಯವರು ಹುಣಸೆಹಣ್ಣು, ಕಡಲೆಕಾಯಿ ವ್ಯಾಪಾರದ ಶಿವಭಕ್ತರು. ಪೇಟೆ ಬೀದಿಯಲ್ಲಿ ಅವರದು ದೊಡ್ಡ ಮಾಳಿಗೆ ಮನೆ. ಆ ಸೀಮೆಯಲ್ಲಿ ಮಾಳಿಗೆ ಎಂದರೆ ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಸೊಪ್ಪು ಹಾಸಿ ಅದರ ಮೇಲೆ ಮಣ್ಣು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ, ಸೋರದಿರಲೆಂದು, ಚೌಳು ಮಣ್ಣು ತಂದು ಮೇಲೆ ಹರಡುತ್ತಾರೆ. ಹಳೆಯದನ್ನು ಯಾರೂ ತೆಗೆಯುವುದಿಲ್ಲ. ಅಜ್ಜ ಹಾಕಿದ್ದರ ಮೇಲೆ ಅಪ್ಪ, ಅಪ್ಪ ಹಾಕಿದ್ದರ ಮೇಲೆ ಮಗ. ಮಣ್ಣು ದಪ್ಪವಾದಷ್ಟೂ ಮನೆ ತಂಪು. ಮನೆತನವೂ ಹಳೆಯದೆಂದು ಲೆಕ್ಕ.

ಮದುವೆಯಾದ ಮರುವರ್ಷ ವೈಶಾಖದ ಒಂದು ಮಧ್ಯಾಹ್ನ ಗಂಡ ರೇಣುಕಯ್ಯ ಉಂಡು ನಡುಮನೆಯಲ್ಲಿ ಮಲಗಿದ್ದ. ದಾಕ್ಷಾಯಣಮ್ಮ ಹಿತ್ತಿಲಲ್ಲಿ ಹುಣಸೆಹಣ್ಣು ಒಣಗಹಾಕುತ್ತಿದ್ದಳು. ನೊಣ ಕೂತ ಎತ್ತು ಚರ್ಮ ಅದುರಿಸುವಂತೆ ನೆಲ ಒಮ್ಮೆ ಅದುರಿತು. ಅಷ್ಟೇ. ಊರಿನಲ್ಲಿ ಅಟ್ಟದ ಮೇಲಿದ್ದ ಮಡಕೆಗಳು ಉರುಳಿದವು, ಗೋಡೆಗಳು ಸೀಳು ಬಿಟ್ಟವು, ನಾಯಿಗಳು ಕೂಗಿದವು. ಆದರೆ ಆ ಮನೆಯಲ್ಲಿ ಒಂದು ತೊಲೆ ಗೋಡೆಯಿಂದ ಜಾರಿತು. ಮೂರು ತಲೆಮಾರಿನ ಮಣ್ಣು ಒಟ್ಟಿಗೆ ಕೆಳಗೆ ಬಂತು. ಜನ ಸೇರಿ ಅಗೆದು ತೆಗೆಯುವಷ್ಟರಲ್ಲಿ ರೇಣುಕಯ್ಯನ ಉಸಿರು ನಿಂತಿತ್ತು. ಮಣ್ಣಿನಿಂದ ಎತ್ತಿದವನನ್ನು ಅದೇ ಸಂಜೆ ಮತ್ತೆ ಮಣ್ಣಿಗಿಟ್ಟರು.

ಅತ್ತೆ ಬಸವಮ್ಮ ಎದೆ ಬಡಿದುಕೊಂಡು ಅತ್ತಳು. ಅಳು ನಿಂತ ಮೇಲೆ ಸೊಸೆಯ ಕಡೆ ತಿರುಗಿದಳು.

"ನಿನ್ ಕಾಲ್ಗುಣ ಕಣೆ! ನೀನು ಹೊಸ್ಲು ತುಳ್ದೆ, ನನ್ ಮಗ ಹೋದ!"

ನೆಂಟರು ತುಂಬಿದ ಮನೆ. ಹದಿಹರೆಯದ ವಿಧವೆ ಮುಖ ತಗ್ಗಿಸಬೇಕಾದ ಹೊತ್ತು. ದಾಕ್ಷಾಯಣಮ್ಮ ತಗ್ಗಿಸಲಿಲ್ಲ.

"ನನ್ ಕಾಲು ಹಿತ್ಲಲ್ಲಿತ್ತು ಅತ್ತೆ. ಅವರ ಎದೆ ಮ್ಯಾಲೆ ಬಿದ್ದಿದ್ದು ಮಾಳಿಗೆ ಮಣ್ಣು. ಆ ಮಣ್ಣು ಹೇರಿದ್ದು ಯಾರು ಅಂತ ಮೊದ್ಲು ಕೇಳಿ."

ಕೇಳುವವರು ಯಾರೂ ಇರಲಿಲ್ಲ. ಗಂಡನ ಅಣ್ಣ ಶಂಕರಲಿಂಗಪ್ಪ ಕಾರ್ತಿಕದೊಳಗೆ ಮಾಳಿಗೆಯನ್ನು ಮತ್ತೆ ಕಟ್ಟಿಸಿದ. ಮೊದಲಿಗಿಂತ ದಪ್ಪ ತೊಲೆ, ಮೊದಲಿಗಿಂತ ದಪ್ಪ ಮಣ್ಣು. ಆ ಸೂರಿನಡಿ ತಾನು ಒಂದು ತುತ್ತೂ ಉಣ್ಣುವುದಿಲ್ಲವೆಂದು ದಾಕ್ಷಾಯಣಮ್ಮ ಹಿತ್ತಿಲಲ್ಲಿ ಗರಿಯ ಚಪ್ಪರ ಹಾಕಿಕೊಂಡು ಕೂತಳು. ಊರು ನಕ್ಕಿತು. ಚಪ್ಪರದಲ್ಲಿ ಚಳಿಗಾಲವೂ ಕಳೆಯಿತು, ಮಳೆಗಾಲವೂ ಕಳೆಯಿತು. ಕೊನೆಗೆ ಶಿರಾದಿಂದ ತಂದೆ ಬಂದು ಪಂಚರನ್ನು ಕೂಡಿಸಿ, ಗಂಡನ ಪಾಲೆಂದು ಹಿತ್ತಿಲನ್ನೂ ಅದಕ್ಕೆ ಸೇರಿದ ಕಡಲೆಕಾಯಿ ಕಣವನ್ನೂ ಬಿಡಿಸಿಕೊಟ್ಟ. ಆಕೆ ಅಲ್ಲಿ ತಗ್ಗು ಗೋಡೆಯ ಮನೆ ಕಟ್ಟಿಸಿ, ರೈಲಿನಲ್ಲಿ ಗೌರಿಬಿದನೂರಿಗೆ ಬಂದಿಳಿದ ಮಂಗಳೂರು ಹೆಂಚನ್ನು ಗಾಡಿಯಲ್ಲಿ ತರಿಸಿ ಹೊದಿಸಿದಳು. ಬಂಡೆಕೋಟೆಯ ಮೊದಲ ಹೆಂಚಿನ ಮನೆ ಅದು. "ಬೇಸಿಗೇಲಿ ಬೆಂದು ಸಾಯ್ತಾಳೆ" ಎಂದರು. ಹೆಂಚಮ್ಮ ಎಂದು ಹೆಸರಿಟ್ಟರು. ಆಕೆ ಆ ಹೆಸರಿಗೂ ಓಗೊಟ್ಟಳು. ಬೇಸಿಗೆಯಲ್ಲಿ ಬೆವರಿದಳು, ಸಾಯಲಿಲ್ಲ. ಒಂದು ಜೋಡೆತ್ತು, ಒಂದು ಗಾಡಿ ಇಟ್ಟುಕೊಂಡು ಮಧುಗಿರಿ, ಕೊರಟಗೆರೆ ಸಂತೆಗಳಿಗೆ ಹುಣಸೆಹಣ್ಣು ಹಾಕುತ್ತಾ ಯಾರ ಹಂಗಿಲ್ಲದೆ ಬದುಕಿದಳು.

ಹೀಗೆ ಕಾಲ ಸರಿಯಿತು. ಶಂಕರಲಿಂಗಪ್ಪ ಊರಿನ ಪುರಸಭೆಗೆ ಅಧ್ಯಕ್ಷನಾದ. ಸಭೆಯಲ್ಲಿ ಒಬ್ಬ ಹೆಂಗಸೂ ಇರಲೆಂದು ಸರ್ಕಾರ ಹೇಳಿದಾಗ, ಓದುಬರಹ ಬಲ್ಲ, ಸ್ವಂತ ವ್ಯಾಪಾರದ ಹೆಂಗಸೆಂದು ದಾಕ್ಷಾಯಣಮ್ಮನ ಹೆಸರು ಮೇಲಿನಿಂದಲೇ ಬಂತು. ಬೇಡವೆನ್ನಲು ಶಂಕರಲಿಂಗಪ್ಪನಿಗೆ ದಾರಿಯಿರಲಿಲ್ಲ.

ಆಗ ಬಂತು ಬಿಹಾರದಲ್ಲಿ ಭೂಮಿ ನಡುಗಿದ ಸುದ್ದಿ. ಸಭೆಯಲ್ಲಿ ಪತ್ರಿಕೆಯನ್ನು ಗಟ್ಟಿಯಾಗಿ ಓದಿದರು. ಸದಸ್ಯರು ಲೊಚಗುಟ್ಟಿದರು, ಸತ್ತವರಿಗಾಗಿ ಎದ್ದು ನಿಂತರು, ಕುಳಿತರು. ದಾಕ್ಷಾಯಣಮ್ಮ ಕುಳಿತುಕೊಳ್ಳಲಿಲ್ಲ.

"ನಮ್ಮೂರು ನಡುಗಿದ್ರೆ ಯಾವ ಬೀದಿ ಮೊದ್ಲು ಬೀಳುತ್ತೆ? ಯಾರಾದ್ರೂ ನೋಡಿದೀರಾ?"

"ನಮ್ದು ಕಲ್ಲುನೆಲ ಕಣಮ್ಮ," ಎಂದ ಅಧ್ಯಕ್ಷ. "ಇಲ್ಲಿ ಅಂಥದ್ದೇನೂ ಆಗಲ್ಲ."

"ನಿಮ್ ತಮ್ಮ ಸತ್ತಿದ್ದು ಇದೇ ಕಲ್ಲುನೆಲದ ಮ್ಯಾಲೆ."

ಭಾವನ ಎದುರು ಆಕೆ ನೇರವಾಗಿ ಮಾತಾಡಿದ್ದು ಅದೇ ಮೊದಲು. ಶಂಕರಲಿಂಗಪ್ಪ ಮೀಸೆ ಸವರಿಕೊಂಡು, ಆಗಲಿ, ಊರಿನ ಕೇರಿಗಳನ್ನೆಲ್ಲ ಓವರ್‌ಸಿಯರ್ ನೋಡಿ ಬರಲಿ ಎಂದ. ಅವನ ಲೆಕ್ಕ ಬೇರೆಯಿತ್ತು. ಬೆಟ್ಟದ ಬುಡದ ಕೋಟೆ ಕೇರಿಯಲ್ಲಿ ಕೂಲಿಯವರ ಗುಡಿಸಲುಗಳಿದ್ದವು. ಆ ಜಾಗವನ್ನು ತೆರವು ಮಾಡಿಸಿ ಗಾಡಿ ನಿಲ್ದಾಣ ಮಾಡಬೇಕೆಂದು ಅವನು ಬಹಳ ದಿನದಿಂದ ಕಾಯುತ್ತಿದ್ದ. ಅಪಾಯದ ಕೇರಿ ಎಂದು ಹೇಳಿಸಿದರೆ ಕೆಲಸ ಸಲೀಸು.

ಪುರಸಭೆಯ ಕಟ್ಟಡ ಕೆಲಸಗಳ ಉಸ್ತುವಾರಿ ನೋಡುವ ಓವರ್‌ಸಿಯರ್ ನಂದೀಶ್ವರಯ್ಯ ಬೆಂಗಳೂರಿನಲ್ಲಿ ಓದಿ ಬಂದವನು, ಮಿತಭಾಷಿ. ದಾಕ್ಷಾಯಣಮ್ಮ ದಿನಾ ಬೆಳಿಗ್ಗೆ ಅವನ ಜೊತೆಗೂಡಿದಳು. ಮಾಳಿಗೆ ಕಂಡಲ್ಲೆಲ್ಲ ಆಕೆಗೆ ಸಾವೇ ಕಾಣುತ್ತಿತ್ತು. ಅವನು ತಿದ್ದಿದ.

"ಮೇಲಿನ ಭಾರ ಒಂದೇ ನೋಡಿದರೆ ಸಾಲದು ತಾಯಿ. ಮೂಲೇಲಿ ಗೋಡೆ ಗೋಡೆ ಕಚ್ಚಿಕೊಂಡಿದೆಯೋ, ಬರೀ ಒರಗಿಕೊಂಡಿದೆಯೋ ನೋಡಬೇಕು. ಕಚ್ಚಿಕೊಂಡಿದ್ದರೆ ಮನೆ ಒಟ್ಟಾಗಿ ಅಲುಗಾಡುತ್ತೆ. ಒರಗಿಕೊಂಡಿದ್ದರೆ ಒಂದೊಂದು ಗೋಡೆ ಒಂದೊಂದು ದಿಕ್ಕಿಗೆ."

ಅಲ್ಲಿಂದ ಆಕೆ ಮನೆಯೊಳಗೆ ಹೋದರೆ ಮೊದಲು ಮೂಲೆಗೆ ಹೋಗುತ್ತಿದ್ದಳು. ಕುಂಬಾರರ ಬೀದಿಯಲ್ಲಿ ಗೋಡೆ ಕುಳ್ಳು, ಮೂಲೆ ಗಟ್ಟಿ. ನೇಕಾರರ ಬೀದಿಯಲ್ಲಿ ಬೆಳಕಿಗಾಗಿ ದೊಡ್ಡ ಕಿಟಕಿ ಕೊರೆದು ಗೋಡೆಯನ್ನು ಸಡಿಲ ಮಾಡಿದ್ದರು. ಪೇಟೆ ಬೀದಿಯಲ್ಲಿ ಮನೆಗೆ ಮನೆ ಒತ್ತಿಕೊಂಡು ಎತ್ತರದ ಮಣ್ಣುಗೋಡೆ, ಮೇಲೆ ಮೊಳದೆತ್ತರ ಕೂತ ಮಣ್ಣಿನ ಭಾರ, ಓಡಿಹೋಗಲು ಕಿರಿದಾದ ಬೀದಿ. ಅಪಾಯವೆನಿಸಿದ ಮನೆಯ ಬಾಗಿಲಿಗೆ ನಂದೀಶ್ವರಯ್ಯ ಕಾವಿಯ ಗುರುತು ಎಳೆಯುತ್ತಿದ್ದ. ಪೇಟೆ ಬೀದಿ ಉದ್ದಕ್ಕೂ ಕೆಂಪಾಯಿತು. ಅಧ್ಯಕ್ಷನ ಬಾಗಿಲಿಗೂ ಕಾವಿ ಬಿತ್ತು. ಯಜಮಾನರು ಅದನ್ನು ಒರೆಸಿ ಹಾಕಿದರು. ದಾಕ್ಷಾಯಣಮ್ಮ ಹಾಡಹಗಲೇ ಕಾವಿಯ ಬಟ್ಟಲು ಹಿಡಿದು ಹೋಗಿ ಮತ್ತೆ ಎಳೆದಳು. "ಒರೆಸಿದ್ರೆ ಗೋಡೆ ಗಟ್ಟಿಯಾಗುತ್ತಾ?" ಎಂದು ಬಾಗಿಲಲ್ಲಿ ನಿಂತೇ ಕೇಳಿದಳು.

ಕೋಟೆ ಕೇರಿಯ ಗುಡಿಸಲುಗಳಲ್ಲಿ ಸೊಂಟದೆತ್ತರದ ಗೋಡೆ, ಮೇಲೆ ಹುಲ್ಲು. ಬಿದ್ದರೆ ಮೈ ತರಚೀತು, ಅಷ್ಟೆ. ಆದರೆ ಹಿಂದಿನ ಸಾಲಿಗೆ ಹೋದಾಗ ನಂದೀಶ್ವರಯ್ಯ ತಲೆಯೆತ್ತಿ ಬೆಟ್ಟವನ್ನು ಬಹಳ ಹೊತ್ತು ನೋಡಿದ. ಗುಡಿಸಲುಗಳ ನೆತ್ತಿಯ ಮೇಲೆ ಭಾರಿ ಕಲ್ಲುಗುಂಡುಗಳು ಒಂದಕ್ಕೊಂದು ಆತುಕೊಂಡು ನಿಂತಿದ್ದವು. ಈ ಒಂದು ಸಾಲು ಇಲ್ಲಿರಬಾರದು ಎಂದ. ದಾಕ್ಷಾಯಣಮ್ಮನಿಗೆ ಆ ಮಾತು ಕಹಿಯಾಯಿತು. ಆದರೂ ಅದು ನಿಜವೆಂದು ಒಪ್ಪಿದಳು.

ಮುಂದಿನ ಸಭೆಯಲ್ಲಿ ಶಂಕರಲಿಂಗಪ್ಪ ಕೋಟೆ ಕೇರಿಯನ್ನು ಇಡಿಯಾಗಿ ಎತ್ತಿ ಕೆರೆಯಂಗಳದ ಆಚೆ ಹಾಕಬೇಕೆಂದ. ಪೇಟೆಯ ಸಂಗತಿಯನ್ನು ಮುಂದೆ ನೋಡೋಣವೆಂದ.

"ಕಾವಿ ಬಿದ್ದಿದ್ದು ಪೇಟೆ ಬಾಗ್ಲಿಗೆ, ಎತ್ತಂಗಡಿ ಕೋಟೆ ಕೇರಿಗಾ?" ದಾಕ್ಷಾಯಣಮ್ಮ ಎದ್ದಳು. "ಒಂದು ಊರಿಗೆ ಒಂದೇ ಅಳತೆ. ಅವರ ಹಿಂದಿನ ಸಾಲು ಏಳ್ಬೇಕು, ನಾನೂ ಒಪ್ತೀನಿ. ನಮ್ ಮಾಳಿಗೆ ಮಣ್ಣೂ ಇಳೀಬೇಕು. ಒಂದು ಬಿಟ್ಟು ಒಂದು ಮಾಡಿದ್ರೆ ನಾನು ಸುಮ್ನಿರಲ್ಲ."

ಯಾರೂ ದನಿಗೂಡಿಸಲಿಲ್ಲ. ಆಕೆ ಅಲ್ಲಿಂದ ನೇರ ಕೋಟೆ ಕೇರಿಗೆ ಹೋದಳು. ಹಿಂದಿನ ಸಾಲಿನ ಹಿರಿಯಳು ಕಾಟಮ್ಮ, ಬೆಟ್ಟದಿಂದ ಸೌದೆ ತಂದು ಮಾರುವವಳು, ಸುದ್ದಿ ಕೇಳಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ನೀವೂ ಅವ್ರ ಜೊತೆ ಸೇರ್ಕಂಡ್ಬುಟ್ರಾ ಅಮ್ಮಾ? ನಮ್ ಕೇರೀಗೆ ನ್ಯಾಯ ಹೇಳ್ತೀರ ಅಂತಿದ್ವಿ."

"ಕಾಟಮ್ಮ, ಆ ಗುಂಡು ಉರುಳಿದ್ರೆ ನ್ಯಾಯ ಕೇಳಿ ಉರುಳಲ್ಲ."

"ಉರುಳ್ಲಿ! ನಮ್ಮಜ್ಜಿ ಕಾಲ್ದಿಂದ್ಲೂ ಅಂಗೇ ಐತೆ. ಕೆರೆ ಆಚೆ ಹೋಗಿ ನೀರಿಲ್ದೆ ಕೂಲಿಯಿಲ್ದೆ ಸಾಯೋದ್ಕಿಂತ ಇಲ್ಲೇ ಸತ್ತೇವು."

"ಕೆರೆ ಆಚೆ ಬ್ಯಾಡ. ನನ್ ಕಣಕ್ಕೆ ಬಾ. ಸಾಲು ಸಾಲೇ ಬನ್ನಿ."

ಕಾಟಮ್ಮ ಸೊಂಟದಿಂದ ಕೈ ಇಳಿಸಿದಳು. "ಪೇಟೆ ಮಧ್ಯಕ್ಕಾ? ಅವ್ರು ಬುಟ್ಟಾರಾ?"

"ಬುಡದೆ ಏನ್ಮಾಡ್ತಾರೆ? ಅದು ನನ್ ಜಾಗ."

ನಂದೀಶ್ವರಯ್ಯ ಅಗಲವಾದ ದಾರಿ ಬಿಟ್ಟು, ಮನೆಗೂ ಮನೆಗೂ ನಡುವೆ ತೆರಪು ಬಿಟ್ಟು ಕಣದಲ್ಲಿ ಹಗ್ಗ ಹಿಡಿದು ಗುರುತು ಹಾಕಿಕೊಟ್ಟ. ಬಿದಿರು, ಹುಲ್ಲು, ಮಡಕೆ, ಕೋಳಿಗಳನ್ನು ಹೇರಿದ ಗಾಡಿಗಳು ಪೇಟೆ ಬೀದಿಯ ಬಾಯಿಗೆ ಬಂದ ದಿನ ಯಜಮಾನರೆಲ್ಲ ಅಡ್ಡ ನಿಂತರು. ಮುಂದೆ ಶಂಕರಲಿಂಗಪ್ಪ.

"ಮನೆತನದ ಮರ್ಯಾದೆ ಹಾಳು ಮಾಡ್ತಿದೀಯ. ಗಾಡಿ ತಿರುಗ್ಸು."

ಮೊದಲ ಗಾಡಿಯ ಮುಂದೆ ನಡೆದು ಬರುತ್ತಿದ್ದ ದಾಕ್ಷಾಯಣಮ್ಮ ಎತ್ತಿನ ಮೂಗುದಾರ ಹಿಡಿದಳು.

"ಭಾವಾ, ನಿಮ್ ನೆತ್ತಿ ಮ್ಯಾಲಿರೋದು ಮರ್ಯಾದೆ ಅಲ್ಲ, ಮಣ್ಣು. ಈ ಗಾಡಿ ತಿರುಗಲ್ಲ. ಬೇಕಾದ್ರೆ ನನ್ ಮ್ಯಾಲೆ ಹತ್ತಿಸ್ಕೊಂಡು ಹೋಗ್ಲಿ, ಆದ್ರೆ ಒಳಕ್ಕೇ ಹೋಗುತ್ತೆ."

ಯಾರೂ ಅಲುಗಲಿಲ್ಲ. ಆಗ ದೊಡ್ಡ ಮನೆಯ ಹೊಸ್ತಿಲಿನಿಂದ ಒಂದು ಸಣ್ಣ ದನಿ ಬಂತು. ಬಸವಮ್ಮ ಕೋಲೂರಿಕೊಂಡು ಬಾಗಿಲಿಗೆ ಬಂದಿದ್ದಳು. ಕಣ್ಣು ಮಂಜಾಗಿತ್ತು, ಬೆನ್ನು ಬಾಗಿತ್ತು.

"ಶಂಕರಾ, ದಾರಿ ಬುಡು."

"ನೀನು ಒಳಗೆ ಹೋಗವ್ವಾ."

"ಒಳಗೆ ಎಲ್ಲಿಗೆ ಹೋಗ್ಲಿ? ರೇಣುಕ ಮಲಗಿದ್ದ ಜಾಗ್ದಾಗೇ ನನ್ ಹಾಸಿಗೆ. ದಿನಾ ಜಂತೆ ನೋಡ್ಕಂಡೇ ಕಣ್ಮುಚ್ತೀನಿ. ಅವ್ಳು ಹೇಳಿದ್ದು ಅವತ್ತೇ ಕೇಳ್ಸಿತ್ತು ನಂಗೆ. ದಾರಿ ಬುಡು."

ಶಂಕರಲಿಂಗಪ್ಪ ತಾಯಿಯನ್ನು ನೋಡಿದ, ಬೀದಿಯನ್ನು ನೋಡಿದ. ಆಮೇಲೆ ಪಂಚೆ ಎತ್ತಿಕಟ್ಟಿ ಒಳಗೆ ನಡೆದ. ಉಳಿದವರು ಒಬ್ಬೊಬ್ಬರಾಗಿ ಗೋಡೆಗೆ ಸರಿದರು. ಗಾಡಿಗಳು ಒಳಗೆ ಹೋದವು. ಮಾರನೆಯ ದಿನ ಬಸವಮ್ಮ ಹಾಸಿಗೆ ಸುತ್ತಿಸಿಕೊಂಡು ಹೆಂಚಿನ ಮನೆಗೆ ಬಂದಳು. ಬಂದವಳೇ "ಸೆಕೆ, ಸೆಕೆ" ಎಂದು ಬೈಯಲು ಶುರುಮಾಡಿದಳು. ಸಾಯುವ ತನಕ ಅಲ್ಲೇ ಇದ್ದು ಬೈದಳು. ದಾಕ್ಷಾಯಣಮ್ಮ ಬೀಸಣಿಗೆ ಬೀಸುತ್ತಾ ತಿರುಗಿ ಬೈದಳು.

ಎಲ್ಲವೂ ಆಕೆ ಅಂದುಕೊಂಡಂತೆ ಆಗಲಿಲ್ಲ. ಕೋಟೆ ಕೇರಿಯ ಉಳಿದ ಸಾಲುಗಳನ್ನು ಮುಟ್ಟುವ ಮಾತು ಅಲ್ಲಿಗೇ ಬಿದ್ದುಹೋಯಿತು, ನಿಜ. ಹೊಸ ಮಣ್ಣು ಹಾಕುವ ಮುಂಚೆ ಹಳೆಯದನ್ನು ಇಳಿಸಬೇಕು, ಹೊಸ ಮನೆಗೆ ಮೂಲೆ ಕಚ್ಚಿಸಿ ಕಟ್ಟಬೇಕು ಎಂಬ ಕಟ್ಟಳೆಯೂ ಬಂತು. ಶಂಕರಲಿಂಗಪ್ಪ ತನ್ನ ಮಾಳಿಗೆಯ ಮಣ್ಣನ್ನು ಆ ಬೇಸಿಗೆಯಲ್ಲೇ ಇಳಿಸಿದ, ಗಾಡಿಗಟ್ಟಲೆ ಹೋಯಿತು. ಆದರೆ ಪೇಟೆಯ ಅರ್ಧ ಮಂದಿ ಕಟ್ಟಳೆಗೆ ಕಿವಿಗೊಡಲಿಲ್ಲ. ನಂದೀಶ್ವರಯ್ಯನಿಗೆ ಬೇರೆ ಊರಿಗೆ ವರ್ಗವಾಯಿತು. ದಾಕ್ಷಾಯಣಮ್ಮನ ಹೆಸರು ಮತ್ತೆ ಪುರಸಭೆಗೆ ಬರಲಿಲ್ಲ.

ಬರದಿದ್ದರೇನು, ಆಕೆ ತನ್ನ ಕೆಲಸ ಬಿಡಲಿಲ್ಲ. ಪ್ರತಿ ಬೇಸಿಗೆ ಕಾಟಮ್ಮನನ್ನು ಜೊತೆ ಮಾಡಿಕೊಂಡು ಬೀದಿ ಬೀದಿ ತಿರುಗುತ್ತಿದ್ದಳು. ಬಾಗಿಲಲ್ಲಿ ನಿಂತು "ಹಳೇದು ಇಳಿಸಿದ್ರಾ?" ಎಂದು ಕೇಳುವಳು. ಇಳಿಸಿದವರ ಮನೆಯಲ್ಲಿ ಮಜ್ಜಿಗೆ ಕುಡಿಯುವಳು; ಇಳಿಸದವರ ಮನೆಯಲ್ಲಿ ನೀರೂ ಮುಟ್ಟುತ್ತಿರಲಿಲ್ಲ. ಸ್ವಾತಂತ್ರ್ಯ ಬರುವ ಹಿಂದಿನ ವರ್ಷ ತೀರಿಕೊಂಡಳು, ಹೆಂಚಿನ ಮನೆಯಲ್ಲೇ, ಕಾಯಿಲೆಯಿಂದ. ಅವಳಿರುವ ತನಕ ಬಂಡೆಕೋಟೆಯ ನೆಲ ಮತ್ತೆ ನಡುಗಲಿಲ್ಲ.

ಆಕೆ ಬದುಕಿದ್ದಾಗ ಅದನ್ನೇ ಹಿಡಿದುಕೊಂಡು ಛೇಡಿಸುತ್ತಿದ್ದವರೂ ಇದ್ದರು. ಗಾಣದ ಎಣ್ಣೆ ವ್ಯಾಪಾರಿ ಸಿದ್ದಗಂಗಯ್ಯ ಒಮ್ಮೆಯೂ ಮಣ್ಣು ಇಳಿಸಿದವನಲ್ಲ. ಒಂದು ಬೇಸಿಗೆ ಅಂಗಡಿಯ ಜಗಲಿಯ ಮೇಲೆ ಕೂತು, ಗಿರಾಕಿಗಳಿಗೆ ಕೇಳಲೆಂದು ದನಿಯೇರಿಸಿದ.

"ಎಷ್ಟೊರ್ಸ ಆಯ್ತು ಹೆಂಚಮ್ಮಾ! ನಿಮ್ ಭೂಕಂಪ ಬರ್ಲೇ ಇಲ್ವಲ್ಲ?"

"ಬರ್ಲಿಲ್ಲ ಅಂತ ಬೇಜಾರಾ ನಿಂಗೆ? ಬಂದ ದಿನ ಹೇಳನ ಅಂದ್ರೆ ಕೇಳಕ್ಕೆ ನೀನಿರಲ್ಲ. ಅದಕ್ಕೇ ಈಗ್ಲೇ ಹೇಳ್ತಿರೋದು. ಏಳು, ಏಣಿ ತಗೊಂಬಾ."

ಗಿರಾಕಿಗಳು ನಕ್ಕರು. ಸಿದ್ದಗಂಗಯ್ಯ ಆ ವರ್ಷ ಏಣಿ ತರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಆಕೆ ಮತ್ತೆ ಅವನ ಬಾಗಿಲಿಗೇ ಮೊದಲು ಹೋದಳು.