ಹುಲ್ಲುಗೆಂಡೆಯ ಮೈಯಲ್ಲಿದ್ದ ತೂತು

ಎದುರುಮನೆಯ ಕೆಸ್ಲರ್ ಪೊಲೀಸರಿಗೆ ಹೇಳಿಬಿಟ್ಟಿರಬಹುದೇ? ಒಂಬತ್ತು ದಿನಗಳಿಂದ ಮಧುಮತಿಯ ತಲೆಯಲ್ಲಿ ಇದೊಂದೇ ಕೊರೆತ. ಕೂಸಿಗೆ ಗಂಜಿ ತಿನ್ನಿಸುವಾಗಲೂ ಅದೇ, ಬಟ್ಟೆ ಒಣಹಾಕುವಾಗಲೂ ಅದೇ. ಮೆಟ್ಟಿಲ ಮೇಲೆ ಹೆಜ್ಜೆಯ ಸಪ್ಪಳವಾದರೆ ಕೈ ನಿಂತುಬಿಡುತ್ತಿತ್ತು. ಕೆಳಗೆ ಅಂಚೆಯವನು ಪೆಟ್ಟಿಗೆಗೆ ಕಾಗದ ತುರುಕಿದರೆ ಪೊಲೀಸರದೇ ಇರಬೇಕೆನಿಸುತ್ತಿತ್ತು. ಮುಂದಿನ ತಿಂಗಳು ಗಂಡನ ಜರ್ಮನ್ ಗ್ರೀನ್ ಕಾರ್ಡ್ ಮುಂದುವರಿಸಲು ಅರ್ಜಿ ಹಾಕಬೇಕು. ಆ ಹೊತ್ತಿಗೆ ಮನೆಯವರ ಮೇಲೊಂದು ಕೇಸು ಇದ್ದರೆ?

ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಚೀಟಿಯ ಅಂಚು ಬಿಸಿಲಿಗೆ ಮುರುಟಿತ್ತು. ‘ಮೀನಿನ ವಿಷಯ. ದಯವಿಟ್ಟು ಫೋನ್ ಮಾಡಿ. ಕೆಸ್ಲರ್.’ ಕೆಳಗೆ ನಂಬರು. ಐದು ಹೆಜ್ಜೆ ದೂರದ ಬಾಗಿಲಿನ ಮನುಷ್ಯ ಬೆಲ್ ಒತ್ತದೆ ಚೀಟಿ ತೂರಿಸುತ್ತಾನೆಂದರೆ ಅದು ಒಳ್ಳೆಯದಕ್ಕಂತೂ ಇರಲಾರದು. ಅಂದಿನಿಂದ ಅವಳು ಬಾಗಿಲ ಕಿಂಡಿಯಲ್ಲಿ ಇಣುಕಿ ನೋಡದೆ ಹೊರಗೆ ಕಾಲಿಟ್ಟಿರಲಿಲ್ಲ.

ಮೀನು ಹೊಡೆದವರು ಅವಳ ಮಾವ ಶರಣಪ್ಪ. ಕೃಷ್ಣೆಯ ದಂಡೆಯ ಅಂಬಿಗರು. ಮುಂಗಾರಿನ ಹೊಸ ನೀರು ಬಂದಾಗ ಮೀನುಗಳು ಮೊಟ್ಟೆಯಿಡಲು ದಂಡೆಯ ತೆಳುನೀರಿಗೆ ಏರಿ ಬರುತ್ತವೆ. ಮೊಣಕಾಲುದ್ದದ ಆ ನೀರಿನಲ್ಲಿ ಅಲುಗಾಡದೆ ನಿಂತು, ದಾರ ಕಟ್ಟಿದ ಬಾಣದಿಂದ ಅವನ್ನು ಹೊಡೆಯುವುದು ಅವರ ಮನೆತನದ ಕೈಕಸುಬು. ಆಮೇಲೆ ಅಣೆಕಟ್ಟೆಯ ಹಿನ್ನೀರು ಏರಿತು, ದಂಡೆ ಮುಳುಗಿತು. ಆಳದ ನೀರಿನಲ್ಲಿ ಬಿಲ್ಲು ಕೆಲಸಕ್ಕೆ ಬಾರದು. ಶರಣಪ್ಪ ಹನ್ನೊಂದು ವರ್ಷ ಸರಕಾರದ ಮೀನುಮರಿ ಕೇಂದ್ರದಲ್ಲಿ ಕಾವಲುಗಾರರಾಗಿ, ತೊಟ್ಟಿಗಳ ಹುಲ್ಲುಗೆಂಡೆಗಳಿಗೆ ಹುಲ್ಲು ಕೊಯ್ದು ಹಾಕಿದರು. ಮೀನು ಹೊಡೆಯುವ ಕೈ ಮೀನಿಗೆ ಮೇವು ಹಾಕುವ ಕೈಯಾಯಿತು.

ಆ ವರ್ಷ, ಎರಡು ಸಾವಿರದ ಮೂರರ ಬೇಸಿಗೆಯಲ್ಲಿ, ಮೊಮ್ಮಗಳನ್ನು ನೋಡಲೆಂದು ಮೂರು ತಿಂಗಳಿಗೆ ಜರ್ಮನಿಯ ಕಾರ್ಲ್ಸ್‌ರುಹೆಗೆ ಬಂದರು. ಮಗ ಸುನಿಲಕುಮಾರ ಸೋಮವಾರ ಫ್ರಾಂಕ್‌ಫರ್ಟಿಗೆ ಹೋದರೆ ಶುಕ್ರವಾರವೇ ಮರಳುತ್ತಿದ್ದ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದ ಮಧುಮತಿಗೆ ಮಾವನೊಂದಿಗೆ ಏನು ಮಾತಾಡಬೇಕೋ ತಿಳಿಯುತ್ತಿರಲಿಲ್ಲ. ಆದರೆ ಅವಳ ಕಣ್ಣಿನ ಕೆಳಗಿನ ಕಪ್ಪು ನೋಡಿ ಅವರೇ ಹೇಳದೆ ಕೇಳದೆ ಬೆಳಿಗ್ಗೆ ಕೂಸನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಹೊರಟರು. ಆ ಒಂದು ತಾಸು ಅವಳಿಗೆ ನಿದ್ದೆ.

ಮಳೆಯಿಲ್ಲದೆ ರೈನ್ ನದಿಯ ಹಳೆಯ ಕವಲು ಮೊಣಕಾಲಿಗೆ ಇಳಿದಿತ್ತು.

“ಯವ್ವಾ, ಅಲ್ಲಿ ಹುಲ್ಲುಗೆಂಡಿ ಅದಾವ! ಇಷ್ಟಿಷ್ಟುದ್ದ. ಬೆನ್ನು ನೀರಿನ ಮ್ಯಾಲೆ ಕಾಣತಾವ” ಎಂದು ಒಂದು ದಿನ ಮೊಳಕೈವರೆಗೆ ಅಳತೆ ತೋರಿಸಿದರು.

“ನೀರಿನ ಹತ್ರ ಗಾಡಿ ಒಯ್ಯಬ್ಯಾಡ್ರಿ ಮಾವಾರ. ಬ್ರೇಕ್ ಹಾಕಿದ್ರಿಲ್ಲೋ?”

“ಹಾಕೀನವಾ. ಗಾಲಿಗೆ ಕಲ್ಲೂ ಇಟ್ಟೀನಿ. ನಾಕು ಗಾಲಿಗೆ ನಾಕು ಕಲ್ಲು.”

ಮರುದಿನ ಸಂಜೆ ಅವಳನ್ನೂ ಕರೆದೊಯ್ದರು. ದಂಡೆಯಲ್ಲೊಂದು ಬೋರ್ಡು. ಅದರ ಮೇಲೆ ಆ ಮೀನಿನದೇ ಚಿತ್ರ, ಸುತ್ತ ಕೆಂಪು ಗೆರೆ. “ಏನಂತ ಬರದಾರ ಓದವಾ” ಎಂದರು. ಕೂಸು ಹೆಗಲ ಮೇಲೆ ಕಿರುಚುತ್ತಿತ್ತು, ಸೊಳ್ಳೆಗಳು ಮುತ್ತುತ್ತಿದ್ದವು. ಆರು ತಿಂಗಳ ಜರ್ಮನ್ ಕ್ಲಾಸಿನ ಬಲದಲ್ಲಿ ಅವಳು ದೊಡ್ಡಕ್ಷರವಷ್ಟನ್ನೇ ಓದಿದಳು. “ಇದು ಹೊರಗಿನ ಮೀನಂತ. ನೀರಾಗಿನ ಗಿಡಾ ಎಲ್ಲಾ ತಿಂದು ಹಾಳು ಮಾಡತೈತಂತ. ಹಿಡದದ್ದನ್ನ ಮತ್ತ ನೀರಿಗೆ ಬಿಡಬಾರದಂತ.”

“ಅಂದ್ರ ಹಿಡೀಬಹುದು?”

“ಹ್ಞೂಂರಿ, ಹಿಡೀಬಹುದು. ನಡೀರಿ ಮನಿಗೆ.”

ಕೆಳಗೆ ಸಣ್ಣಕ್ಷರದ ಮೂರು ಸಾಲುಗಳಿದ್ದವು. ಅವನ್ನು ಅವಳು ಓದಲಿಲ್ಲ.

ಶರಣಪ್ಪ ರೈಲುಹಳಿಯ ಪಕ್ಕದ ಪೊದೆಯಿಂದ ಗಳ ಕಡಿದು ತಂದು ಬಗ್ಗಿಸಿದರು. ಬಟ್ಟೆ ಒಣಗಿಸುವ ನೈಲಾನ್ ಹಗ್ಗ ಹೆದೆಯಾಯಿತು. ಮುರಿದ ಕೊಡೆಯ ಕಡ್ಡಿ ಮಸೆದು ಮೊನೆ ಮಾಡಿದರು. ಮುದುಕರಿಗೆ ಹೊತ್ತು ಹೋಗಲಿ ಎಂದು ಅವಳು ಸುಮ್ಮನಿದ್ದಳು. “ಮೀನು ಕಂಡಲ್ಲಿ ಮೀನು ಇರಂಗಿಲ್ಲವಾ, ಅದರ ಕೆಳಗ ಇರತೈತಿ. ಕೆಳಗ ಹೊಡೀಬೇಕು” ಎಂದು ಕೂಸಿಗೆ ಹೇಳಿಕೊಡುತ್ತಿದ್ದರು. ಕೂಸು ಅವರ ಮೀಸೆ ಹಿಡಿದೆಳೆಯುತ್ತಿತ್ತು.

ನಾಲ್ಕನೆಯ ದಿನ ತಳ್ಳುಗಾಡಿಯ ಕೆಳಗಿನ ಬುಟ್ಟಿಯಲ್ಲಿ, ಕೂಸಿನ ಡೈಪರುಗಳ ಪಕ್ಕದಲ್ಲೇ, ಐದು ಕಿಲೋದ ಮೀನು ಬಂತು.

“ಅಯ್ಯ ಮಾವಾರ! ಕೂಸಿನ ಸಾಮಾನೆಲ್ಲಾ ನಾರತಾವ!” ಎಂದು ಅವಳು ರೇಗಿದಳು. ಅವರಿಗೆ ಕೇಳಿಸಲೇ ಇಲ್ಲ. ಹನ್ನೊಂದು ವರ್ಷದ ಮೇಲೆ ಹೊಡೆದ ಮೀನು. ಅವರಲ್ಲಿ ಹಂಗಾಮಿನ ಮೊದಲ ಮೀನನ್ನು ಹೊಡೆದವನ ಮನೆಯಲ್ಲಿ ಬೇಯಿಸುವಂತಿಲ್ಲ, ನೆರೆಮನೆಗೆ ಕೊಡಬೇಕು. ತಡೆಯುವಷ್ಟರಲ್ಲಿ ಮೀನನ್ನು ತಾಟಿನಲ್ಲಿಟ್ಟುಕೊಂಡು ಎದುರುಮನೆಯ ಬೆಲ್ ಒತ್ತಿಯಾಗಿತ್ತು. ಕೆಸ್ಲರ್ ಮೀನು ನೋಡಿದ. ಅದರ ಮೈಯಲ್ಲಿದ್ದ ತೂತಿಗೆ ಬೆರಳಿಟ್ಟು ನೋಡಿದ. ಶರಣಪ್ಪ ತಾಟನ್ನು ಅವನ ಕೈಗಿತ್ತು, ನಗುತ್ತ, ಇಲ್ಲದ ಬಿಲ್ಲನ್ನು ಕಿವಿಯವರೆಗೆ ಎಳೆದು ಬಿಟ್ಟು ತೋರಿಸಿದರು. ಆ ಬಾಗಿಲ ಬಳಿ ದಿನವೂ ಕಾಣುತ್ತಿದ್ದ ಹಸಿರು ರಬ್ಬರ್ ಬೂಟು, ಗಾಳದ ಕೋಲುಗಳ ಅರ್ಥ ಅವಳಿಗೆ ಆಗ ಹೊಳೆಯಿತು. ಅವನು ಮೀನು ಹಿಡಿಯುವವರ ಸಂಘದವನು. ದಂಡೆಯ ಬೋರ್ಡೂ ಅದೇ ಸಂಘದ್ದು. ಸಂಜೆಗೆ ಚೀಟಿ ಬಂತು.

ಮರುದಿನ ಡಿಕ್ಷನರಿ ಹಿಡಿದು ದಂಡೆಗೆ ಓಡಿದಳು. ಸಣ್ಣಕ್ಷರ ಹೀಗಿತ್ತು: ಲೈಸೆನ್ಸ್ ಇದ್ದವರು ಮಾತ್ರ ಹಿಡಿಯಬಹುದು, ಈಟಿ, ಬಾಣ ಸಂಪೂರ್ಣ ನಿಷಿದ್ಧ, ತಪ್ಪಿದರೆ ಪೊಲೀಸ್ ದೂರು.

ಸುನಿಲಕುಮಾರನಿಗೆ ಫೋನಿನಲ್ಲಿ ಹೇಳಿದಳು, ಬೋರ್ಡು ತಾನೇ ಓದಿ ಹೇಳಿದ್ದೊಂದನ್ನು ಬಿಟ್ಟು.

“ಮಾರ್ಕೆಟ್‌ನಾಗ ತಂದಿದ್ದು ಅಂತ ಹೇಳಿಬಿಡು ಮಧು.”

“ಮಾವಾರು ಬಿಲ್ಲು ಜಗ್ಗಿ ತೋರಿಸ್ಯಾರ್ರೀ.”

“ಅಪ್ಪಗ ಕೊಡು” ಎಂದ ಸುನಿಲಕುಮಾರ. ಅವನ ದನಿ ಪಕ್ಕದಲ್ಲಿ ನಿಂತವಳಿಗೂ ಕೇಳಿಸುತ್ತಿತ್ತು. “ಹಿಡೀಬಹುದಂತ ಯಾರು ಹೇಳಿದ್ರಪ್ಪಾ ನಿನಗ?”

ಶರಣಪ್ಪ ಸೊಸೆಯ ಕಡೆ ಒಮ್ಮೆ ನೋಡಿದರು. “ಯಾರೂ ಹೇಳಿಲ್ಲಪಾ. ನನಗ ತಿಳೀಲಿಲ್ಲ.”

ಅವಳು ಆಗಲೂ ಬಾಯಿ ಬಿಡಲಿಲ್ಲ. ಬಿಲ್ಲನ್ನು ಒಯ್ದು ನೆಲಮಾಳಿಗೆಯಲ್ಲಿ ಬಚ್ಚಿಟ್ಟಳು. ಶರಣಪ್ಪ ಹೊರಗೆ ಹೋಗುವುದನ್ನು ನಿಲ್ಲಿಸಿದರು. ಕಿಟಕಿಯ ಬಳಿ ಕೂತು ಗಾಡಿಯನ್ನು ಇದ್ದಲ್ಲೇ ಹಿಂದೆ ಮುಂದೆ ಜಗ್ಗುತ್ತಿದ್ದರು. ಕೂಸು ನಿದ್ದೆ ಮಾಡದೆ ರಚ್ಚೆ ಹಿಡಿಯುತ್ತಿತ್ತು. ಮಧುಮತಿಯ ಒಂದು ತಾಸಿನ ನಿದ್ದೆಯೂ ಹೋಯಿತು.

ಚೀಟಿ ಬಂದ ಒಂಬತ್ತನೆಯ ದಿನ ಮಧ್ಯಾಹ್ನ ನೋಡಿದರೆ ಅವರು ಧೋತರ ಮಡಚಿ ಚೀಲದಲ್ಲಿ ಇಡುತ್ತಿದ್ದರು.

“ಇದೇನ್ರಿ ಮಾವಾರ?”

“ಸುನಿಲಗ ಹೇಳಿ ತಿಕೀಟ ಲಗೂ ಮಾಡಿಸವಾ. ತಪ್ಪು ಮಾಡಿದಾವ ಊರಿಗೆ ಹೋದ ಅಂದ್ರ ನಿಮ್ಮನ್ನ ಯಾರೂ ಏನೂ ಅನ್ನಂಗಿಲ್ಲ. ನೀ ಒಂದೀಟು ಮಲಕೋ. ಕೂಸು ನನ್ನ ಕಡೆ ಇರಲಿ.”

ಅವಳು ಮಲಗಲಿಲ್ಲ. ಒಂದರಿಂದ ಮೂರರವರೆಗೆ ಈ ಕಟ್ಟಡದಲ್ಲಿ ವಿಶ್ರಾಂತಿಯ ಹೊತ್ತು, ಯಾರೂ ಯಾರಿಗೂ ತೊಂದರೆ ಕೊಡುವಂತಿಲ್ಲ. ಅಡುಗೆಮನೆಯಲ್ಲಿ ಗಡಿಯಾರ ನೋಡುತ್ತ ಕೂತು, ವಾಕ್ಯಗಳನ್ನು ಜರ್ಮನ್‌ನಲ್ಲಿ ಬರೆದಳು, ಹೊಡೆದು ಹಾಕಿದಳು, ಮತ್ತೆ ಬರೆದಳು. ಸುಳ್ಳು ಹೇಳಲು ಬೇಕಾಗುವಷ್ಟು ಜರ್ಮನ್ ಹೇಗೂ ಅವಳಿಗೆ ಬರುತ್ತಿರಲಿಲ್ಲ. ಮೂರು ಹೊಡೆದು ಎರಡು ನಿಮಿಷಕ್ಕೆ ಚೀಟಿ ಕಿತ್ತುಕೊಂಡು ನಂಬರು ಒತ್ತಿದಳು. ಗೋಡೆಯಾಚೆ ಕೆಸ್ಲರನ ಫೋನು ರಿಂಗಾಗುವುದು ಇಲ್ಲಿಗೇ ಕೇಳಿಸಿತು. ಒಂದು, ಎರಡು, ಮೂರು.

“ಕೆಸ್ಲರ್.”

“ನಮಸ್ಕಾರ. ನಾನು ಎದುರುಮನೆಯವಳು” ಎಂದು ಜರ್ಮನ್‌ನಲ್ಲಿ ಓದತೊಡಗಿದಳು. “ಮೀನು ಹೊಡೆದವರು ನನ್ನ ಮಾವ ಶರಣಪ್ಪ. ಅವರಿಗೆ ನಿಮ್ಮ ಭಾಷೆ ಓದಲು ಬರುವುದಿಲ್ಲ. ಬೋರ್ಡು ಓದಿ ಹೇಳಿದವಳು ನಾನು. ಅರ್ಧ ಓದಿದೆ. ತಪ್ಪು ನನ್ನದು.”

ಅರ್ಥವಾಗದ ಆ ಮಾತಿನ ನಡುವೆ ತಮ್ಮ ಹೆಸರು ಕೇಳಿ, ಕಿಟಕಿಯ ಬಳಿ ಶರಣಪ್ಪ ಗಾಡಿ ಜಗ್ಗುವುದನ್ನು ನಿಲ್ಲಿಸಿದರು.