ಅತ್ತೆಯ ಮೂಗಿಗೆ ಹೊಲಿದ ಕುಪ್ಪಸ

ಅತ್ತೆಯ ಮೂಗನ್ನು ಅಳೆಯಲು ಹೋಗಿ ಸಿಕ್ಕಿಬಿದ್ದ ಸೊಸೆ ನಮ್ಮ ಸವಣೂರು ಸೀಮೆಯಲ್ಲಿ ಬಹುಶಃ ನಾನೊಬ್ಬಳೇ. ತಪ್ಪು ನನ್ನದಲ್ಲ, ಮೆಣಸಿನಕಾಯಿಯದು.

ಯುದ್ಧದ ಕಾಲ. ಹತ್ತಿಮತ್ತೂರಿನ ನಮ್ಮ ಮನೆಯಲ್ಲಿ ನಾದಿನಿಯ ಮದುವೆ ಗೊತ್ತಾಗಿತ್ತು. ಮದುವೆಯೆಂದರೆ ಮೊದಲು ಖಾರ ಕುಟ್ಟಬೇಕು. ಕುಟ್ಟುವವರು ನಾವು ನಾಲ್ಕು ಹೆಂಗಸರು, ಒರಳಿನ ಮುಂದೆ ಕೂತು ಹದ ಹೇಳುವವರು ಅತ್ತೆ. ಅವರಿಗೋ ದಮ್ಮು. ಹಿಂದಿನ ವರ್ಷ ಹಾಗೆ ಕೂತಾಗಲೇ ಉಸಿರು ಕಟ್ಟಿ ತುಟಿ ನೀಲಿಯಾಗಿತ್ತು. ಇನ್ನೊಮ್ಮೆ ಆ ಘಾಟು ತಾಗಿದರೆ ನನ್ನನ್ನು ಕರೆಯಬೇಡಿ ಎಂದೇ ವೈದ್ಯರು ಹೇಳಿ ಹೋಗಿದ್ದರು.

"ನೀವು ಒಳಗ ಇರ್ರಿ ಅತ್ತಿ, ನಾವು ಕುಟ್ತೇವಿ," ಎಂದೆ.

"ಮಗಳ ಮದುವಿ ಖಾರ ನಿಮ್ಮ ಕೈಯಾಗ ಕೊಟ್ಟು ಒಳಗ ಕುಂದ್ರಲೇನ? ಬೀಗರ ಮುಂದ ಮಾನ ಹೋದಮ್ಯಾಲ ಉಸಿರು ಇಟಗೊಂಡು ಏನ್ ಮಾಡ್ಲಿ?"

ನಾನು ಯೋಚನೆಗೆ ಬಿದ್ದೆ. ಗಂಡಸರ ತಲೆಗೆ ರುಮಾಲುಂಟು, ಹೆಗಲಿಗೆ ವಲ್ಲಿಯುಂಟು. ಉಪ್ಪಿನಕಾಯಿ ಜಾಡಿಯ ಬಾಯಿಗೂ ಒಂದು ಅರಿವೆ ಕಟ್ಟುತ್ತೇವೆ. ಹಗಲೂ ರಾತ್ರಿ ದುಡಿಯುವ ಮೂಗಿಗೆ ಮಾತ್ರ ಯಾರೂ ಒಂದು ಚಿಂದಿಯನ್ನೂ ಕೊಟ್ಟಿಲ್ಲವಲ್ಲ!

ಅರಿವೆಯನ್ನೂ ಸರಕಾರ ಅಳೆದು ಕೊಡುತ್ತಿದ್ದ ಕಂಟ್ರೋಲಿನ ದಿನಗಳು. ಯಜಮಾನರ ಹಳೆಯ ಧೋತರ ಹರಿದು, ಎರಡು ಪದರ ಮಾಡಿ, ದಾರ ಹಚ್ಚಿ ನನ್ನ ಮುಖಕ್ಕೇ ಮೊದಲು ಕಟ್ಟಿ ನೋಡಿದೆ. ನನ್ನ ಮೂಗು ನನಗಿಂತ ಮೊದಲೇ ಹೊಸ್ತಿಲು ದಾಟುವಂಥದ್ದು. ಬಿಗಿದರೆ ಅದು ಚಪ್ಪಟೆ, ಸಡಿಲಿಸಿದರೆ ಅರಿವೆ ಗದ್ದಕ್ಕೆ. ಆಗಲೇ ಯಜಮಾನರು ಹೊಲದಿಂದ ಬಂದರು.

"ರಾಶಿ ತಿಂತಾವಂತ ಎತ್ತಿನ ಬಾಯಿಗೆ ಕುಕ್ಕಿ ಕಟ್ತೇವಿ. ನೀ ಏನ್ ತಿಂದೀ?"

ಅವರು ನಕ್ಕರೂ ದಾರಿ ತೋರಿಸಿದ್ದರು. ಎತ್ತಿನ ಕುಕ್ಕೆ ಮೂಗಿಗೆ ಒತ್ತುವುದಿಲ್ಲ, ಮುಂದಕ್ಕೆ ಉಬ್ಬಿರುತ್ತದೆ. ಸೀರೆಗೆ ನಿರಿಗೆ ಹಿಡಿಯುವುದು ನಡೆಯಲು ಆರಾಮಾಗಲಿ ಎಂದು. ಮಾತಾಡುವ ಬಾಯಿಗೂ ನಿರಿಗೆ ಬೇಡವೇ? ನಡುವೆ ಮೂರು ನಿರಿಗೆ ಹಿಡಿದೆ. ಒಂದು ದಾರ ಕಿವಿಯ ಮೇಲಿಂದ ತುರುಬಿನ ಹಿಂದಕ್ಕೆ, ಇನ್ನೊಂದು ಕುತ್ತಿಗೆಯ ಹಿಂದಕ್ಕೆ. ನನಗೆ ಚೆನ್ನಾಗಿ ಕೂತಿತು. ಅತ್ತೆಗೆ ಕೂರಬೇಕಾದರೆ ಅಳತೆ ಬೇಕು.

ಮಧ್ಯಾಹ್ನ ಅವರು ನಿದ್ದೆ ಹೋದಾಗ ಪಕ್ಕದಲ್ಲಿ ಕೂತು, ನೂಲು ಹಿಡಿದು ಮೂಗಿನ ಬುಡದಿಂದ ಗದ್ದದವರೆಗೆ ಇಳಿಸುತ್ತಿದ್ದೆ. ಕಣ್ಣು ತೆರೆದೇಬಿಟ್ಟರು.

"ಏನ್ ಮಾಡಾಕತ್ತೀಯ? ನಾ ಇನ್ನೂ ಸತ್ತಿಲ್ಲ!"

"ಕುಪ್ಪಸದ ಅಳತಿ ರೀ ಅತ್ತಿ."

"ಮೂಗಿಗೇನ ಕುಪ್ಪಸ?"

"ಹೂನ್ರಿ, ಮೂಗಿಗೇ," ಎಂದು ಎಲ್ಲವನ್ನೂ ಹೇಳಿಬಿಟ್ಟೆ. ಬಯ್ಯುತ್ತಾರೆ ಅಂದುಕೊಂಡೆ. ಅವರು ಮೂಗು ಮುಟ್ಟಿ ನೋಡಿಕೊಂಡು, "ನತ್ತು ಸಿಕ್ಕೊಂಡು ಜಗ್ಗಿದ್ರ? ನತ್ತು ಮಾತ್ರ ತಗಿಯಂಗಿಲ್ಲ ನೋಡು," ಎಂದರು. ಇದನ್ನೇ ಒಪ್ಪಿಗೆಯೆಂದು ತಿಳಿದು, ನತ್ತು ಇರುವ ಕಡೆ ಒಳಗೊಂದು ಜೇಬಿನಂತೆ ಸಡಿಲು ಬಿಟ್ಟು ಹೊಲಿದೆ.

ಕುಟ್ಟುವ ದಿನ ಐವರೂ ಮೂಗಿನ ಕುಪ್ಪಸ ತೊಟ್ಟೆವು. ನನ್ನ ಕಣ್ಣು ಪದೇ ಪದೇ ಅತ್ತೆಯ ಕಡೆಗೇ. ಅವರು ಕೆಮ್ಮಲಿಲ್ಲ. ಸಂಜೆವರೆಗೂ ಕೂತರು, ಸಂಜೆವರೆಗೂ ಮಾತಾಡಿದರು. ಅರಿವೆಯ ಹಿಂದಿನ ಗುಜುಗುಜು ನನಗೊಂದೂ ತಿಳಿಯಲಿಲ್ಲ. ಅವರ ಉಸಿರಾಟ ನೆಟ್ಟಗಿದ್ದ ಖುಷಿಯಲ್ಲಿ ಎಲ್ಲದಕ್ಕೂ "ಹೂನ್ರಿ ಅತ್ತಿ" ಎಂದೆ.

ಖಾರ ಸಾಣಿಸಿ ತುಂಬಿದ ಮೇಲೆ ಅವರು ದಾರ ಬಿಚ್ಚಿ, "ಹಂಗಾದ್ರ ನಾಡಿದ್ದು ಹಿರೇಕೆರೂರಿಗೆ ಗಾಡಿ ಹೂಡಸ್ತೇನಿ," ಎಂದರು.

"ಯಾಕ್ರಿ?"

"ನನ್ನ ತಂಗಿ ಮನಿ ಖಾರ ಕುಟ್ಟಾಕ. ಅಷ್ಟೂ ನೀನ ಕುಟ್ತೀಯೇನಂತ ಕೇಳಿದ್ನೆಲ್ಲ? ನಾಕು ಸಲ ಕೇಳೇನಿ, ನಾಕೂ ಸಲ ಹೂಂ ಅಂದಿ."

ಹೋದೆವು. ಮೂರು ಮನೆಯಾಚೆ ಕೇಳುವ ಅತ್ತೆಯ ದನಿ ಹಳೆಯ ಧೋತರದ ಎರಡು ಪದರಕ್ಕೆ ಅಡಗಿದ್ದು ಹೇಗೆ ಎಂಬ ಅನುಮಾನ ಬಂದದ್ದು ಹಿರೇಕೆರೂರಿನ ಒರಳಿನ ಮುಂದೆ, ಒನಕೆ ಎತ್ತಿ ತೋಳು ಸೋತ ಮೇಲೆ.

"ಅವತ್ತು ಬೇಕಂತನ ಸಣ್ಣ ದನೀಲೆ ಕೇಳಿದ್ರೇನ್ರಿ?" ಎಂದೆ.

ಅತ್ತೆ ಕಿವಿಗೆ ಕೈ ಹಚ್ಚಿದರು.

"ಏನಂದಿ? ಅರಿವಿ ಕಟ್ಟೀ ನೋಡವಾ, ಏನೂ ಕೇಳಸವಲ್ದು!"

ಮೂಗಿನ ಕುಪ್ಪಸ ತೊಟ್ಟುಕೊಂಡೇ ಹೇಳಿದ ಆ ಮಾತು ಬೀದಿಯ ಆಚೆ ತುದಿಗೂ ಕೇಳಿಸಿತು.