ನನ್ನ ಕಾಲ್ಗುಣ

ಇವತ್ತು ಕೂಡ್ಲಿಗಿ ಬಸ್ಸಿನಲ್ಲಿ ಪಕ್ಕದ ಹೆಂಗಸಿನ ಸೊಂಟದಿಂದ ನೋವಿನ ಮುಲಾಮಿನ ವಾಸನೆ ಘಮ್ಮೆಂದು ಬಂತು. ಬೇರೆಯವರಾದರೆ ಮೂಗು ಮುಚ್ಚಿಕೊಳ್ಳುತ್ತಿದ್ದರು; ನನಗೆ ನನ್ನ ಕೀರ್ತಿಯ ದಿನಗಳು ನೆನಪಾದವು.

ನಾನು ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಅಂಥವರು ಒದ್ದರೆ ಸೊಂಟದ ಹಿಡಿತ ಬಿಡುತ್ತದೆಂಬ ನಂಬಿಕೆ ನಮ್ಮ ಕೊಟ್ಟೂರಿನ ಕಡೆ ಇದೆ. ನೀವು ನಗಬಹುದು; ಓಣಿಯ ದೊಡ್ಡ ದೊಡ್ಡ ಹಿರಿಯರು ನನ್ನೆದುರು ಬೆನ್ನು ತಿರುಗಿಸಿ ನಿಂತಿದ್ದಾರೆ. ಹಿರಿಯರಿಗೆ ಕಾಲು ತಾಗಿಸುವುದು ತಪ್ಪಲ್ಲವೆ? ಅದಕ್ಕೇ ಮೊದಲು ನಮಸ್ಕಾರ, ಆಮೇಲೆ ಒದೆ. ಬಹಳ ಮಂದಿಗೆ ವಾರದೊಳಗೆ ಗುಣವಾಗುತ್ತಿತ್ತು. ಒದೆಯದಿದ್ದರೂ ಆಗುತ್ತಿತ್ತೆಂದು ಹೇಳುವವರು ಯಾರು?

ನನ್ನ ಸೋದರಮಾವ ಟೇಲರ್. ಒಮ್ಮೆ ಅವನ ಸೊಂಟದಿಂದ ಹೊರಟ ನೋವು ತೊಡೆಯ ಹಿಂಭಾಗದಲ್ಲಿ ಇಳಿದು ಪಾದದವರೆಗೆ ಕರೆಂಟು ಹೊಡೆದಂತೆ ಹರಿಯತೊಡಗಿತು. ಕೆಮ್ಮಿದರೂ ಜೀವ ಹೋದಂತಾಗುತ್ತಿತ್ತು.

"ಒದಿ ನನ್ನವ್ವ, ನೀನೇ ಗತಿ," ಅಂದ. ಒದ್ದೆ. ನೋವು ಇದ್ದಲ್ಲೇ ಇತ್ತು.

ಕೆಲದಿನಗಳಲ್ಲಿ ಅವನು ಕಾಲಲ್ಲಿ ತುಳಿಯುವ ಹೊಲಿಗೆ ಮಷಿನ್ ನಿಂತು ನಿಂತು ಓಡತೊಡಗಿತು. ಎಣ್ಣೆ ಬಿಟ್ಟ, ಬೆಲ್ಟ್ ಬದಲಿಸಿದ, ಮಷಿನ್ ಮಾರಿದವನನ್ನು ಬೈದ. ಅತ್ತೆ ಮಾತ್ರ ಬೇರೆಯದನ್ನೇ ಗಮನಿಸಿದಳು. ಮಾವನ ಬಲಗಾಲಿನ ಚಪ್ಪಲಿ ಅಂಗಳದಲ್ಲೇ ಕಳಚಿ ಬಿದ್ದಿತ್ತು. ಅವನು ಗೊತ್ತಿಲ್ಲದೆ ಮುಂದೆ ನಡೆದಿದ್ದ.

"ಮಷಿನ್ ಕೆಟ್ಟಿಲ್ರಿ, ನಿಮ್ಮ ಕಾಲು ಕೆಟ್ಟೈತಿ," ಎಂದು ಅಳುತ್ತಲೇ ಅವನನ್ನು ಹಗರಿಬೊಮ್ಮನಹಳ್ಳಿಯ ಡಾಕ್ಟರ ಹತ್ತಿರ ಎಳೆದೊಯ್ದಳು. ಮೊದಲು ಚಿಕಿತ್ಸೆ ಕೊಟ್ಟವಳೆಂದು ನಾನೂ ಹೋದೆ.

ಹಿಮ್ಮಡಿಯ ಮೇಲೆ ನಿಲ್ಲಲು ಹೇಳಿದರೆ ಮಾವನ ಬಲಪಾದದ ಮುಂಭಾಗ ಮೇಲೇಳಲೇ ಇಲ್ಲ. ಸ್ಕ್ಯಾನ್ ನೋಡಿ ಡಾಕ್ಟರು ಹೇಳಿದರು: "ಬೆನ್ನೆಲುಬಿನ ನಡುವಿನ ಡಿಸ್ಕ್ ಜಾರಿ, ಕಾಲಿಗೆ ಹೋಗೋ ನರ ಒತ್ತೈತಿ. ಬರೀ ನೋವಿದ್ರ ಮಾತ್ರಿ, ವ್ಯಾಯಾಮದಾಗೇ ಭಾಳ ಮಂದಿಗೆ ಕಡಿಮಿ ಆಗ್ತೈತಿ. ಕಾಲಾಗಿನ ಶಕ್ತಿ ಹೋದ್ರ ತಡ ಮಾಡಬಾರದು. ಇಲ್ಲಿತನಕ ಏನು ಮಾಡಿದ್ರಿ?"

ಮಾವ ನನ್ನ ಕಡೆ ನೋಡಿದ. ನಾನು ಗೋಡೆಯ ಮೇಲಿದ್ದ ಅಸ್ಥಿಪಂಜರದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡಿದೆ.

ದಾವಣಗೆರೆಯಲ್ಲಿ ಆಪರೇಷನ್ ಆಯಿತು. ನೋವು ಬೇಗ ಹೋಯಿತು, ಪಾದಕ್ಕೆ ಶಕ್ತಿ ಬರಲು ತಿಂಗಳುಗಟ್ಟಲೆ ಹಿಡಿಯಿತು. ಅತ್ತೆ ದಿನವೂ ಎದುರು ಕುಳಿತು ಅವನಿಂದ ಕಾಲ್ಬೆರಳು ಎತ್ತಿಸಿದಳು. ಹೆಬ್ಬೆರಳು ಮೊದಲ ಸಲ ಅಲುಗಿದಾಗ ಓಣಿಗೆಲ್ಲ ಸಕ್ಕರೆ ಹಂಚಿದಳು. ಈಗ ಮಾವ ಮೊದಲಿನಂತೆ ಹೊಲಿಯುತ್ತಾನೆ, ಅಳತೆ ಕೊಡಲು ಬಂದವರಿಗೆಲ್ಲ ಹೇಳುತ್ತಾನೆ: "ಆಪರೇಷನ್ದು ಏನೈತಿ ಬಿಡ್ರಿ, ನಮ್ಮ ಹುಡುಗಿ ಒದ್ದಾಗೇ ನರ ಅರ್ಧ ಸಡ್ಲ ಆಗಿತ್ತು!"

ಹಾಗಾಗಿ ಜನ ಇಂದಿಗೂ ನನ್ನ ಬಾಗಿಲಿಗೆ ಬರುತ್ತಾರೆ. ನೋವು ಕಾಲಿಗೆ ಇಳಿಯುತ್ತದೆಯೇ, ಜೋಮು ಹಿಡಿಯುತ್ತದೆಯೇ ಎಂದು ಕೇಳಿ, ಹೌದೆಂದವರನ್ನು ಒದೆಯದೆ ಡಾಕ್ಟರ ಕಡೆ ಕಳಿಸುತ್ತೇನೆ. "ಮಾವಗ ಒದ್ದಾಕಿ, ನಮಗ್ಯಾಕ ಒದಿಯಂಗಿಲ್ಲ?" ಎಂದು ಸಿಟ್ಟಾಗುತ್ತಾರೆ. ಒದ್ದಾಗ ಹರಸಿ ಹೋಗುತ್ತಿದ್ದ ಜನ, ಈಗ ಒದೆಯದಿದ್ದಕ್ಕೆ ಬೈದು ಹೋಗುತ್ತಾರೆ.